ಬರುವವರ ಗಡಿಯಾರ

ಎಡಗೈಯ ಗಡಿಯಾರ ಸಲೀಸಾಗಿ ಬಿಚ್ಚಿಕೊಂಡಿತು, ಬಲಗೈಯದು ಬರಲಿಲ್ಲ. ಪಟ್ಟಿಯ ಕೊಕ್ಕೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕಿರಿಯ ಮಗಳು ಉಗುರಿನಿಂದ ಮೀಟಿದಳು, ಹೇರ್‌ಪಿನ್ನಿನಿಂದ ಮೀಟಿದಳು, ಕೊನೆಗೆ ಅಪ್ಪನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತಳು. ಗಾಜಿನೊಳಗೆ ಮುಳ್ಳು ಓಡುತ್ತಲೇ ಇತ್ತು.

“ಬರ್ತಿಲ್ಲಮ್ಮ.”

ಅಮ್ಮ ಮಂಚದ ಆ ಬದಿಯಲ್ಲಿ ನಿಂತು ಅಪ್ಪನ ಖಾಕಿ ಕೋಟಿನ ಗುಂಡಿ ಹಾಕುತ್ತಿದ್ದಳು. ಹೊಟ್ಟೆಯ ಹತ್ತಿರದ ಗುಂಡಿ ವರ್ಷಗಳಿಂದ ಹಾಕಿರಲಿಲ್ಲ. ಈಗ ಅದು ಸುಲಭವಾಗಿ ಸೇರಿಕೊಂಡಿತು.

“ಬಿಡು, ಒಂದು ಇರ್ಲಿ ಕೈಯಲ್ಲಿ,” ಎಂದಳು. “ಗಡಿಯಾರ ಇಲ್ದೆ ಹೋದ್ರೆ ಅವರಿಗೆ ದಾರಿಯುದ್ದಕ್ಕೂ ಚಡಪಡಿಕೆ.”

ಅಪ್ಪ ಎರಡು ಗಡಿಯಾರ ಕಟ್ಟುತ್ತಿದ್ದರು. ಎಡಗೈಯಲ್ಲಿ ನಮ್ಮ ಸಮಯ, ಬಲಗೈಯಲ್ಲಿ ಹೊಳೆಯಾಚೆಯ ಸಮಯ. ಊರಿನಿಂದ ಸ್ವಲ್ಪ ದೂರ ಹೋದರೆ ದೊಡ್ಡ ಹೊಳೆ, ಅದರ ಮೇಲೊಂದು ಸೇತುವೆ, ಸೇತುವೆ ದಾಟಿದರೆ ಬೇರೆ ದೇಶ. ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ಇಲ್ಲಿ ನಾಲ್ಕಾದಾಗ ಅಲ್ಲಿ ಮೂರು. ಆ ದೇಶ ದಾಟಿ, ಅದೇ ಸಮಯದ ಇನ್ನೊಂದು ದೇಶ ಹೊಕ್ಕು, ಬಂದರಿನವರೆಗೆ ಹೋಗಿ ಬರುವ ಬಸ್ಸನ್ನು ಅಪ್ಪ ತಮ್ಮ ಕೂದಲು ಬೆಳ್ಳಗಾಗುವವರೆಗೂ ಓಡಿಸಿದರು. ಅವರ ಬಸ್ಸು ಹೊರಡುವ ಸದ್ದು ಕೇಳಿ ಜನ ಅಡುಗೆಮನೆಯ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಊರಿನಲ್ಲಿ ಅವರ ನಿಜವಾದ ಹೆಸರು ಕರೆಯುತ್ತಿದ್ದದ್ದು ಬ್ಯಾಂಕಿನವರು ಮಾತ್ರ. ಉಳಿದವರಿಗೆಲ್ಲ ಅವರು ಟೈಮಪ್ಪ.

ಹೊರಗಿನ ಕೋಣೆಯಲ್ಲಿ ಜನ ತುಂಬಿದ್ದರು. ಅತ್ತೆ, ಎಂದರೆ ಅಪ್ಪನ ಅಕ್ಕ, ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಸಿಕೊಂಡು ಬಂದವರನ್ನೆಲ್ಲ ಮಾತಾಡಿಸುತ್ತಿದ್ದಳು. ಅಣ್ಣ ಅಂಗಳದಲ್ಲಿ ವ್ಯಾನಿನವನಿಗೆ ದಾರಿ ಹೇಳುತ್ತಿದ್ದ. ಅವನಿಗೆ ಟೈರು ಅಂಗಡಿ. ಅಪ್ಪನಿಂದ ಬಂದದ್ದು ಅಗಲವಾದ ಭುಜ ಮತ್ತು ಗಡಿಬಿಡಿ. ಮಣ್ಣಿಗೆ ಮೂರು ಗಂಟೆ ಎಂದು ನಿನ್ನೆ ಸಂಜೆಯೇ ನಿಶ್ಚಯವಾಗಿತ್ತು.

ಕಿರಿಯವಳು ಎಡಗೈಯ ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ ಅಡುಗೆಮನೆಗೆ ಹೋದಳು. ಅಲ್ಲಿ ಯಾರೂ ಮಾತಾಡಿಸುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಒಂದು ಲ್ಯಾಬಿನ ಹಿಂದಿನ ಕೋಣೆಯಲ್ಲಿ ಅವಳಿಗೆ ಕೆಲಸ. ದಿನವಿಡೀ ಗಚ್ಚಿನ ಬಾಯಿಯಚ್ಚುಗಳ ನಡುವೆ ಕೂತು ಒಂದು ಮಾತೂ ಆಡದೆ ಮನೆಗೆ ಬರುತ್ತಾಳೆ ಎಂದು ಅತ್ತೆ ಹಂಗಿಸುತ್ತಿದ್ದಳು. ಅದು ಸುಳ್ಳಲ್ಲ. ಅವಳಿಗೆ ಆ ಕೆಲಸ ಇಷ್ಟವಾಗಿದ್ದೇ ಅದಕ್ಕೆ.

ಅಡುಗೆಕಟ್ಟೆಯ ಮೇಲೆ ಕ್ಲಬ್ಬಿನ ಕಪ್ಪುಗಳು ಬಂದು ಕೂತಿದ್ದವು. ನೀಲಿ ಅಂಚಿನವು, ಕೆಲವಕ್ಕೆ ಹಿಡಿಕೆ ಮುರಿದಿತ್ತು. ಅವುಗಳ ಹಿಂದೆ ಕತ್ತರಿ ಮಾಮ ನಿಂತು ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಸುತ್ತಿದ್ದರು. ಬಸ್‌ಸ್ಟ್ಯಾಂಡಿನ ಎದುರಿಗೆ ಅವರ ಕ್ಷೌರದಂಗಡಿ. ಕಷ್ಟದಲ್ಲಿದ್ದವರಿಗೆ ನಾಲ್ಕು ಜನ ಸೇರಿ ಕೈಹಚ್ಚುವ ಅಪ್ಪನ ಕ್ಲಬ್ಬಿನ ಮೊದಲ ಸದಸ್ಯರು ಅವರೇ.

“ಪುಟ್ಟಿ, ಹೊಳೆಯಾಚೆ ಕ್ಲಬ್ಬಿನವರು ಯಾಕೆ ಇನ್ನೂ ಬಂದಿಲ್ಲ?” ಎಂದರು. “ಅವರು ಮುಂಚೆ ಬಂದು ಚಹಾ ಕುಡಿದು ಕೂರೋ ಜನ.”

“ಗೊತ್ತಿಲ್ಲ ಮಾಮ. ಅಲ್ಲಿನ ನರ್ಸಮ್ಮಂಗೆ ಮೆಸೇಜ್ ಹಾಕಿದ್ದೆ. ಎಲ್ಲ ಊರಿನವರಿಗೂ ಹೇಳಿ ಕರ್ಕೊಂಡು ಬರ್ತೀನಿ ಅಂತ ಉತ್ತರ ಬಂತು.”

“ಏನಂತ ಹಾಕಿದ್ದೆ, ತೋರಿಸು.”

ತೋರಿಸಿದಳು. ಅವರು ಫೋನನ್ನು ತೋಳಿನಳತೆ ದೂರ ಹಿಡಿದು ಓದಿದರು. ಕನ್ನಡಕ ಹುಡುಕಿ ಹಾಕಿಕೊಂಡು ಮತ್ತೊಮ್ಮೆ ಓದಿದರು.

“ಯಾರ ಮೂರು?”

“ಅಂದ್ರೆ?”

“ಮೂರು ಗಂಟೆಗೆ ಅಂತ ಬರೆದಿದ್ದೀಯ. ನಮ್ಮ ಮೂರಾ, ಅವರ ಮೂರಾ?”

“ನಮ್ಮದೇ. ಇನ್ಯಾರದು?”

ಕತ್ತರಿ ಮಾಮ ಒಲೆ ಸಣ್ಣ ಮಾಡಿದರು. “ಕ್ಲಬ್ಬಲ್ಲಿ ಯಾರನ್ನಾದ್ರೂ ಕರೆದ್ರೆ ಬರೋರ ಗಡಿಯಾರದಲ್ಲಿ ಹೇಳ್ತೀವಿ ಕಣಮ್ಮ. ನಿಮ್ಮಪ್ಪ ಮಾಡಿದ ಪದ್ಧತಿ. ನಮ್ಮ ಟೈಮು ನಮಗೆ ಹೆಂಗೂ ಗೊತ್ತಿರುತ್ತೆ, ದಾರಿ ಸವೆಸಿ ಬರೋನು ಯಾಕೆ ಲೆಕ್ಕ ಹಾಕ್ಬೇಕು ಅಂತ. ಇಷ್ಟು ವರ್ಷದಲ್ಲಿ ಈ ಮನೆಯಿಂದ ಅವರಿಗೆ ಬೇರೆ ಥರ ಟೈಮು ಹೋಗೇ ಇಲ್ಲ.” ಅವರು ಫೋನು ವಾಪಸು ಕೊಟ್ಟರು. “ಅವರು ತಮ್ಮ ಮೂರಕ್ಕೆ ಬರ್ತಿದ್ದಾರೆ. ಅಂದ್ರೆ ನಮ್ಮ ನಾಲ್ಕಕ್ಕೆ.”

ಅವಳು ನರ್ಸಮ್ಮನಿಗೆ ಫೋನು ಮಾಡಿದಳು. ಗಡಿ ದಾಟಿದ ಮೇಲೆ ಅವರ ಫೋನು ಬರೀ ಡಬ್ಬಿ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಮಾಡಿದಳು. ಕ್ಲಬ್ಬಿನ ವಿಷಯದಲ್ಲಿ ತಾನು ಅಪ್ಪನನ್ನು ಒಂದು ದಿನವೂ ಏನೂ ಕೇಳಿರಲಿಲ್ಲ. ಅಪ್ಪನ ವಾರದ ರಜೆಯನ್ನೆಲ್ಲ ಅದು ತಿಂದುಹಾಕಿತ್ತು, ಅದಕ್ಕೇ ಕೇಳಿರಲಿಲ್ಲ. ಈಗ ಅವರೆಲ್ಲ ಮುಂಜಾನೆಯೇ ಎದ್ದು, ಬಸ್ಸು ಹಿಡಿದು, ಎರಡು ಗಡಿ ದಾಟಿ ಬಂದು ನೋಡುವುದು ಮುಚ್ಚಿದ ಗುಂಡಿಯನ್ನು.

ಅಂಗಳಕ್ಕೆ ಹೋಗಿ ಅಣ್ಣನ ತೋಳು ಮುಟ್ಟಿದಳು. ವಿಷಯ ಹೇಳಿದಳು.

“ಕಾಯೋಣ ಅಣ್ಣ.”

“ತಲೆ ಕೆಟ್ಟಿದ್ಯಾ? ಸ್ಮಶಾನದ ಗೇಟು ನಾಲ್ಕೂವರೆಗೆ ಹಾಕ್ತಾರೆ. ಬಸ್ಸು ಸ್ವಲ್ಪ ಹೆಚ್ಚುಕಮ್ಮಿ ಆಯ್ತು ಅಂದ್ರೆ ಅಪ್ಪನ್ನ ವಾಪಸ್ ಮನೆಗೆ ತರ್ತೀಯಾ?” ಅಣ್ಣ ದನಿ ತಗ್ಗಿಸಿದ. “ಅದೂ ಅಲ್ದೆ, ಅಪ್ಪನ್ನ ಲೇಟ್ ಮಾಡಿಸ್ಬೇಕಾ? ಅಪ್ಪನ್ನ? ಇಡೀ ಸರ್ವೀಸಲ್ಲಿ ಒಂದೇ ಒಂದು ದಿನ ತಡ ಆಗಿದ್ದು ಅವರು.”

*

ಆ ಒಂದು ದಿನದ ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕಿರಿಯವಳು ಆಗಿನ್ನೂ ಹುಟ್ಟಿರಲಿಲ್ಲ. ಆದರೂ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ನೋಡಿದವಳಂತೆ ಅದು ಅವಳಿಗೆ ಕಾಣುತ್ತಿತ್ತು.

ಬಸ್ಸು ಊರಿಗೆ ಮರಳುತ್ತಿತ್ತು. ಹೊಳೆಯಾಚೆಯ ಗುಡ್ಡದ ದಾರಿಯಲ್ಲಿ ಮಣ್ಣು ಕುಸಿದಿತ್ತು. ರಸ್ತೆಗೆ ಬಿದ್ದದ್ದು ಸ್ವಲ್ಪವೇ. ಬಸ್ಸು ಒಂದು ಬದಿಯಿಂದ ನುಸುಳಬಹುದಿತ್ತು. ಉಳಿದದ್ದೆಲ್ಲ ಕೆಳಗಿನ ಒಂಟಿ ಮನೆಯ ಮೇಲೆ ಬಿದ್ದಿತ್ತು. ಒಬ್ಬ ಹೆಂಗಸು ಬಾಣಲೆಯಿಂದ ಮಣ್ಣು ತೋಡುತ್ತಿದ್ದಳು. ಅಪ್ಪ ಬ್ರೇಕು ಹಾಕಿದರು. ಎಡಗೈ ನೋಡಿಕೊಂಡರು, ಬಲಗೈ ನೋಡಿಕೊಂಡರು, ಎಂಜಿನ್ ಆರಿಸಿದರು.

“ಯಾಕ್ರೀ ನಿಲ್ಸಿದ್ರಿ? ಹೋಗೋಕೆ ಜಾಗ ಇದೆಯಲ್ಲ,” ಎಂದರು ಹಿಂದಿನಿಂದ ಯಾರೋ.

ಅಪ್ಪ ಸೀಟಿನಡಿಯಿಂದ ಸಲಿಕೆ ಎಳೆದರು. “ನಾನೊಬ್ಬನೇ ತೋಡಿದ್ರೆ ಕತ್ತಲಾಗುತ್ತೆ. ಎಲ್ಲರೂ ಇಳಿದ್ರೆ ಬೇಗ ಹೊರಡಬಹುದು.”

ಹಾಗೆ ಕೇಳಿದವರು ಕತ್ತರಿ ಮಾಮ. ಆಗ ಅವರಿನ್ನೂ ಯಾರ ಮಾಮನೂ ಅಲ್ಲ, ಕ್ಷೌರದ ಸಾಮಾನು ತರಲು ಹೋಗಿ ಮರಳುತ್ತಿದ್ದ ಒಬ್ಬ ಪ್ರಯಾಣಿಕ. ಅವರ ಮುಂದಿನ ಸೀಟಿನಲ್ಲಿ ತಂಗಿಯ ಮನೆಗೆ ಹೊರಟಿದ್ದ ಆಚೆ ದೇಶದ ಒಬ್ಬ ನರ್ಸು. ಇಬ್ಬರೂ ಇಳಿದರು. ಗೊಣಗಿಕೊಂಡೇ ಎಲ್ಲರೂ ಇಳಿದರು. ಪರಸ್ಪರ ಭಾಷೆ ಬಾರದವರು ಸಾಲಾಗಿ ನಿಂತು ಕೈಯಿಂದ ಕೈಗೆ ಬುಟ್ಟಿ ದಾಟಿಸಿದರು. ಒಳಗಿದ್ದ ಮುದುಕ ಮಂಚದಡಿ ಸೇರಿಕೊಂಡು ಬದುಕಿದ್ದ. ನರ್ಸು ಅವನ ಕಣ್ಣು ಬಾಯಿ ಒರೆಸಿದಳು. ಅವನು ಮೊದಲು ಕೇಳಿದ್ದು ಟೈಮೆಷ್ಟು ಅಂತ.

ಬಸ್ಸು ಡಿಪೋ ಸೇರಿದಾಗ ಸಂಜೆ. ತಡ ಮಾಡಿದ ಡ್ರೈವರು ತನ್ನ ಬಸ್ಸನ್ನು ತಾನೇ ತೊಳೆಯಬೇಕು ಎಂಬುದು ಡಿಪೋದ ಕಟ್ಟಳೆ. ಕಾರಣ ಹೇಳಿದರೆ ಬಿಡುತ್ತಿದ್ದರೋ ಏನೋ. ಅಪ್ಪ ಹೇಳಲಿಲ್ಲ. ಬಕೆಟ್ಟು ತುಂಬಿಸಿಕೊಂಡು ಚಕ್ರದ ಹತ್ತಿರ ಕೂತರು. ಗೇಟು ದಾಟಿದ್ದ ಕತ್ತರಿ ಮಾಮ ಹಿಂದಿರುಗಿ ನೋಡಿದರು, ವಾಪಸು ಬಂದು ಇನ್ನೊಂದು ಬಕೆಟ್ಟು ಹಿಡಿದರು. ತಂಗಿಯ ಮನೆಗೆ ಹೋಗಬೇಕಿದ್ದ ನರ್ಸು ಸೆರಗು ಸಿಕ್ಕಿಸಿಕೊಂಡು ಗಾಜು ಒರೆಸಿದಳು. ಒರೆಸುತ್ತಾ ಕೇಳಿದಳು: “ಆ ಮನೆಗೆ ಗೋಡೆ ಕಟ್ಟೋರು ಯಾರು?”

ಕ್ಲಬ್ಬಿನ ಮೊದಲ ಸಭೆ ಅದೇ. ಮುಂದಿನ ವಾರ ಗೋಡೆ ಎದ್ದಿತು. ಅದರ ಮುಂದಿನ ತಿಂಗಳು ನರ್ಸಮ್ಮ ತನ್ನ ಊರಲ್ಲೊಂದು ಗುಂಪು ಕಟ್ಟಿದಳು. ಅಪ್ಪನ ಬಸ್ಸು ರಾತ್ರಿ ತಂಗುವ ಊರಲ್ಲಿ ಒಬ್ಬ ಬಡಗಿ ಸೇರಿದ, ಬಂದರಿನಲ್ಲಿ ಬಲೆ ಹೆಣೆಯುವವರು ಸೇರಿದರು. ಅಪ್ಪ ಭಾಷಣ ಮಾಡಿದವರಲ್ಲ. ಚಹಾ ಕುಡಿಯುವಾಗ ಹೋದ ಊರಲ್ಲಿ ಏನು ಮಾಡಿದರು ಎಂದು ಬಂದ ಊರಲ್ಲಿ ಹೇಳುತ್ತಿದ್ದರು, ಅಷ್ಟೆ. “ಅಲ್ಲಿಯವರು ಕುಂಟರ ಗಾಲಿಕುರ್ಚಿ ರಿಪೇರಿ ಮಾಡ್ತಾರಂತೆ.” “ಇಲ್ಲಿಯವರು ಕುರುಡರ ಮನೆಗೆ ಹೋಗಿ ಪೇಪರ್ ಓದ್ತಾರಂತೆ.” ಕೇಳಿದವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿತ್ತು, ಮುಂದಿನ ಸಲ ಬಸ್ಸು ಬರುವಷ್ಟರಲ್ಲಿ ಅವರೂ ಏನೋ ಒಂದು ಶುರು ಮಾಡಿರುತ್ತಿದ್ದರು. ಹೀಗೆ ಬಸ್ಸು ನಿಲ್ಲುವ ಊರುಗಳಲ್ಲೆಲ್ಲ ಕ್ಲಬ್ಬಾಯಿತು, ಆಮೇಲೆ ಬಸ್ಸು ನಿಲ್ಲದ ಊರುಗಳಲ್ಲೂ ಆಯಿತು. ಕೆಲವರು ಬೋರ್ಡು ಬರೆಸಿದರು, ಕೆಲವರು ಹಾಡು ಕಟ್ಟಿದರು. ಅಪ್ಪ ಯಾವುದಕ್ಕೂ ಬೇಡ ಅನ್ನಲಿಲ್ಲ. ಎಲ್ಲ ಊರಿನಲ್ಲೂ ಒಂದು ಮಾತ್ರ ಒಂದೇ ಥರ ಇತ್ತು: ಸಭೆ ಯಾರಿಗಾಗಿಯೂ ಕಾಯುವುದಿಲ್ಲ, ತಡವಾಗಿ ಬಂದವರು ಕಪ್ಪು ತೊಳೆಯಬೇಕು.

*

“ಮಾಮ, ನೀವಾದ್ರೂ ಹೇಳಿ,” ಎಂದಳು ಕಿರಿಯವಳು, ಅಡುಗೆಮನೆಗೆ ಮರಳಿ ಬಂದು.

ಕತ್ತರಿ ಮಾಮ ತಲೆಯಾಡಿಸಿದರು. “ನಾವು ಕ್ಲಬ್ಬಿನವರು ‘ಕಾಯಿ’ ಅನ್ನೋ ಹಾಗಿಲ್ಲ. ಹೊರಗೆ ನಿಂತಿರೋರೆಲ್ಲ ತಡ ಆಗಿ ಬಂದು ಅವನೆದುರು ಕಪ್ಪು ತೊಳೆದೋರೇ. ನನ್ನ ಮಾತು ಅವರು ಕೇಳಲ್ಲ.” ಚಹಾದ ಚಮಚವನ್ನು ಅವಳ ಕೈಗೆ ಕೊಟ್ಟು ಹೇಳಿದರು, “ನೀನು ಕ್ಲಬ್ಬಿನವಳಲ್ವಲ್ಲ.”

ಅವಳು ಮೆಟ್ಟಿಲ ಮೇಲೆ ನಿಂತಳು. ಅಂಗಳದಲ್ಲಿ, ಬೀದಿಯಲ್ಲಿ, ಎದುರು ಮನೆಯ ಜಗಲಿಯಲ್ಲಿ ಜನವಿದ್ದರು. ಶಾಲೆಯಲ್ಲಿ ಹಾಜರಿ ಹೇಳುವಾಗಲೂ ಕಿವಿ ಕೆಂಪಾಗುತ್ತಿದ್ದ ಹುಡುಗಿ ಅವಳು. ಗಂಟಲು ಸರಿ ಮಾಡಿಕೊಂಡಳು, ಯಾರೂ ತಿರುಗಲಿಲ್ಲ. ಕೈಯಲ್ಲಿದ್ದ ಚಮಚದಿಂದ ಕಿಟಕಿಯ ಸರಳಿಗೆ ಬಡಿದಳು. ಎಲ್ಲರೂ ತಿರುಗಿದರು. ಆಗ ಇನ್ನೂ ಕಷ್ಟವಾಯಿತು.

“ನಾನು ಆಚೆಯವರಿಗೆ ಟೈಮು ತಪ್ಪು ಹೇಳಿದ್ದೀನಿ,” ಎಂದಳು. “ನಮ್ಮ ಗಡಿಯಾರದಲ್ಲಿ ಹೇಳ್ಬಿಟ್ಟೆ. ಅವರು ಒಂದು ಗಂಟೆ ತಡವಾಗಿ ಬರ್ತಾರೆ. ಅವರ ತಪ್ಪಲ್ಲ. ಅದಕ್ಕೆ ಕಾಯ್ಬೇಕು.”

“ಟೈಮಪ್ಪನ್ನ ಕಾಯ್ಸೋದಾ?” ಎಂದರು ಹಿಂದಿನ ಸಾಲಿನಿಂದ. “ಅವನೇ ಎದ್ದು ನಡ್ಕೊಂಡು ಹೋಗ್ಬಿಡ್ತಾನೆ ನೋಡಮ್ಮ.”

ಅಲ್ಲಲ್ಲಿ ನಗೆ ಎದ್ದಿತು. ಅವಳೂ ಹೇಗೋ ನಕ್ಕಳು. ಅದರಿಂದ ಮುಂದಿನ ಮಾತು ಸುಲಭವಾಯಿತು.

“ಇಲ್ಲಿ ಕೂತು ಕಾಯೋದು ಬೇಡ. ಬಸ್‌ಸ್ಟ್ಯಾಂಡ್ ದಾರೀಲೇ ಇದೆ. ಈಗ್ಲೇ ಹೊರಡೋಣ, ಟೈಮಿಗೆ ಸರಿಯಾಗಿ. ಅಲ್ಲಿ ನಿಲ್ಸೋಣ. ಅವರು ಇಳಿದ ತಕ್ಷಣ ಜೊತೇಲಿ ಹೋಗೋಣ. ನಾಲ್ಕರವರೆಗೂ ಬರ್ಲಿಲ್ಲ ಅಂದ್ರೆ ಹೊರಡ್ತೀವಿ.”

ಅಣ್ಣ ಅಮ್ಮನ ಮುಖ ನೋಡಿದ. ಬಾಗಿಲಲ್ಲಿ ನಿಂತಿದ್ದ ಅಮ್ಮ, “ಟೈಮಿಗೆ ಸರಿಯಾಗಿ ಹೊರಡ್ತೀವಲ್ಲ, ಮತ್ತೇನು,” ಎಂದು ಚಪ್ಪಲಿ ಹುಡುಕತೊಡಗಿದಳು.

“ಹುಟ್ಟಿದಾಗ್ಲಿಂದ ಇವಳ ಬಾಯಲ್ಲಿ ಇಷ್ಟುದ್ದ ಮಾತು ಕೇಳಿರ್ಲಿಲ್ಲ,” ಎಂದಳು ಅತ್ತೆ, ಕುರ್ಚಿಯಿಂದ ಏಳುತ್ತಾ. “ಅವನು ಇರೋವಾಗ್ಲೇ ಆಡಿದ್ರೆ ಕೇಳ್ತಿದ್ದ.”

ಅಣ್ಣ ಸ್ಮಶಾನದ ಕಾವಲಿನವನಿಗೆ ಫೋನು ಮಾಡಿದ. ಗೇಟು ನಾಲ್ಕೂವರೆಗೇ ಎಂದು ಅವನು ಖಡಾಖಂಡಿತವಾಗಿ ಹೇಳಿದನಂತೆ. ಸತ್ತವರು ಯಾರೆಂದು ಕೇಳಿ ತಿಳಿದ ಮೇಲೆ, “ಅವರಿಗೂ ತಡ ಆಗುತ್ತಾ?” ಎಂದು ಕೇಳಿ ಫೋನಿಟ್ಟನಂತೆ.

*

ಬಸ್‌ಸ್ಟ್ಯಾಂಡಿನಲ್ಲಿ ಬಂದರಿನ ಬಸ್ಸು ನಿಲ್ಲುವ ಜಾಗ ಕೊನೆಯದು, ನೀರಿನ ತೊಟ್ಟಿಯ ಪಕ್ಕ. ಅಲ್ಲಿ ಕಲ್ಲು ಚಪ್ಪಡಿಯ ಮೇಲೆ ಎಣ್ಣೆಯ ಹಳೆ ಕಲೆ. ವ್ಯಾನಿನವನು ಒಂದು ಬದಿಗೆ ನಿಲ್ಲಿಸಿದ. ಯಾರು ಹೇಳಿದರೋ, ಡ್ರೈವರುಗಳು, ಕಂಡಕ್ಟರುಗಳು ಒಬ್ಬೊಬ್ಬರಾಗಿ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತರು. ಟಿಕೆಟು ಕೊಡುವಾಕೆ ಕಿಂಡಿಯ ಬಾಗಿಲು ಮುಚ್ಚಿ ಹೊರಗೆ ಬಂದಳು.

ಅಣ್ಣ ವ್ಯಾನಿನ ಸುತ್ತ ಓಡಾಡುತ್ತಿದ್ದ. ಕತ್ತರಿ ಮಾಮ ಅಮ್ಮನ ಪಕ್ಕ ಬೆಂಚಿನ ಮೇಲೆ ಕೂತಿದ್ದರು. ಸುಮ್ಮನಿರುವುದು ಅವರಿಗೆ ಗೊತ್ತಿಲ್ಲದ ವಿದ್ಯೆ.

“ಎರಡು ಸರ್ಕಾರ ಜಗಳ ಆಡ್ಕೊಂಡು ಸೇತುವೆ ಮುಚ್ಚಿದ್ರಲ್ಲ, ನೆನಪಿದ್ಯಾ ಅತ್ತಿಗೆ? ಆಗ ನಿಮ್ಮ ಯಜಮಾನ್ರಿಗೆ ಒಂದು ಯೋಚನೆ ಬಂತು. ದಾಟೋಕೆ ತಾನೇ ಬಿಡಲ್ಲ, ನಮ್ಮ ದಡ ನಾವು ಗುಡಿಸೋಣ, ಅವರ ದಡ ಅವರು ಗುಡಿಸ್ಲಿ, ಒಂದೇ ಹೊತ್ತಿಗೆ. ಎದುರುಬದುರು ಕಾಣ್ತೀವಲ್ಲ. ಹತ್ತು ಗಂಟೆ ಅಂತ ಎರಡೂ ಕಡೆ ಸುದ್ದಿ ಹೋಯ್ತು.”

“ಗೊತ್ತು,” ಎಂದಳು ಅಮ್ಮ. ಆದರೆ ನಿಲ್ಲಿಸಲಿಲ್ಲ.

“ಅವರಿಗೆ ತೊಂದ್ರೆ ಆಗಬಾರದು ಅಂತ ನಾವು ಅವರ ಹತ್ತಕ್ಕೆ ಹೋದ್ವಿ. ನಮಗೆ ತೊಂದ್ರೆ ಆಗಬಾರದು ಅಂತ ಅವರು ನಮ್ಮ ಹತ್ತಕ್ಕೆ ಬಂದಿದ್ರು. ಬಂದು, ನಮ್ಮ ದಾರಿ ಕಾದು, ತಮ್ಮ ದಡ ಚೊಕ್ಕ ಮಾಡಿ ಹೋಗಾಗಿತ್ತು. ನಾವು ನಮ್ಮ ದಡ ಚೊಕ್ಕ ಮಾಡಿ ಬಂದ್ವಿ. ಎರಡೂ ದಡ ಹೊಳೀತಿತ್ತು, ಒಬ್ಬರ ಮುಖ ಒಬ್ಬರು ಕಾಣ್ಲಿಲ್ಲ. ಆವತ್ತೇ ಇವನು ತೀರ್ಮಾನ ಮಾಡಿದ್ದು. ಯಾರು ಕರೀತಾರೋ ಅವರು, ಬರೋರ ಗಡಿಯಾರದಲ್ಲಿ ಹೇಳ್ಬೇಕು, ಮುಗೀತು ಅಂತ.”

ಅಮ್ಮನಿಗೆ ನಗು ಬಂತು. ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ನಿಂತ ಮೇಲೂ ಸೆರಗು ತೆಗೆಯಲಿಲ್ಲ.

ಕಿರಿಯವಳು ಎಣ್ಣೆಯ ಕಲೆಯ ಹತ್ತಿರ ನಿಂತು ದಾರಿಯನ್ನೇ ನೋಡುತ್ತಿದ್ದಳು. ಇದೇ ಜಾಗ.

*

ಅವಳಿಗಾಗ ಎಂಟೋ ಒಂಬತ್ತೋ. ಅಪ್ಪ ಊಟದ ಡಬ್ಬಿ ಮರೆತು ಹೋಗಿದ್ದರು. ಅಮ್ಮ ಅದನ್ನು ಅವಳ ಕೈಗೆ ತುರುಕಿ, ಓಡು ಎಂದಳು. ಓಡಿದಳು. ಮಾರುಕಟ್ಟೆಯ ನಡುವೆ, ಜನರ ಮೊಣಕೈಗಳ ಕೆಳಗೆ, ಒಂದು ಚಪ್ಪಲಿ ಕಳೆದುಕೊಂಡು ಓಡಿದಳು. ಬಸ್‌ಸ್ಟ್ಯಾಂಡಿಗೆ ಬರುವಾಗ ಬಸ್ಸು ಹೊರಟಿತ್ತು, ಆದರೆ ಗೇಟು ದಾಟಿರಲಿಲ್ಲ. ಅವಳು ಡಬ್ಬಿಯನ್ನು ತಲೆಯ ಮೇಲೆತ್ತಿ ಬೀಸಿದಳು. ಕನ್ನಡಿಯಲ್ಲಿ ಅಪ್ಪನ ಕಣ್ಣು ಕಂಡವು. ಅಪ್ಪನಿಗೂ ಅವಳು ಕಂಡಳು, ಅದರಲ್ಲಿ ಸಂಶಯವಿಲ್ಲ. ಕಣ್ಣಿಗೆ ಕಣ್ಣು ಸೇರಿತ್ತು.

ಬಸ್ಸು ನಿಲ್ಲಲಿಲ್ಲ. ಎಡಕ್ಕೆ ತಿರುಗಿತು, ಹೋಯಿತು.

ಮನೆಗೆ ಬಂದು ಅವಳು ಡಬ್ಬಿಯನ್ನು ಅಡುಗೆಕಟ್ಟೆಯ ಮೇಲಿಟ್ಟಳು. ಯಾರಿಗೂ ಏನೂ ಹೇಳಲಿಲ್ಲ. ಅಪ್ಪ ಮರಳಿದ ಮೇಲೂ ಕೇಳಲಿಲ್ಲ. ಮುಂದೆ ಕ್ಲಬ್ಬಿನ ಕೆಲಸಕ್ಕೆ ಬರ್ತೀಯಾ ಎಂದು ಅಪ್ಪ ಕರೆದಾಗಲೆಲ್ಲ ಅವಳಿಗೆ ಹೋಮ್‌ವರ್ಕ್ ಇರುತ್ತಿತ್ತು, ತಲೆನೋವು ಇರುತ್ತಿತ್ತು, ಆಮೇಲಾಮೇಲೆ ಲ್ಯಾಬಿನ ಕೆಲಸ ಇರುತ್ತಿತ್ತು.

*

“ಬಂತು,” ಎಂದರು ಯಾರೋ.

ಬಸ್ಸು ಗೇಟಿನಲ್ಲಿ ತಿರುಗಿ ತನ್ನ ಜಾಗಕ್ಕೆ ಬಂದು ನಿಂತಿತು. ಅಣ್ಣ ಗಡಿಯಾರ ನೋಡಿ ಉಸಿರು ಬಿಟ್ಟ. ನಾಲ್ಕಾಗಲು ಇನ್ನೂ ಸ್ವಲ್ಪ ಹೊತ್ತಿತ್ತು.

ಇಳಿದವರಿಗೆ ಯಾವ ಅವಸರವೂ ಇರಲಿಲ್ಲ. ಮುಂಚಿತವಾಗಿ ಬಂದವರ ನೆಮ್ಮದಿಯಲ್ಲಿ ಮೈ ಮುರಿಯುತ್ತಾ, ಚೀಲ ಇಳಿಸುತ್ತಾ, ಚಹಾ ಎಲ್ಲಿ ಸಿಗುತ್ತೆ ಎಂದು ಕೇಳುತ್ತಾ ಇಳಿದರು. ಬಡಗಿ ಇದ್ದ, ಈಗ ಬೆನ್ನು ಬಾಗಿತ್ತು. ಬಂದರಿನ ಬಲೆಯವರು ಇದ್ದರು. ಅವಳಿಗೆ ಗುರುತೇ ಇಲ್ಲದ ಊರುಗಳ, ಅಪ್ಪ ಯಾವತ್ತೂ ನೋಡಿರದ ಊರುಗಳ ಹುಡುಗ ಹುಡುಗಿಯರೂ ಇದ್ದರು. ಕೊನೆಯಲ್ಲಿ ನರ್ಸಮ್ಮ, ಕೋಲೂರಿಕೊಂಡು. ಮೆಟ್ಟಿಲಿಳಿದು ತಲೆಯೆತ್ತಿದವಳು ವ್ಯಾನು ನೋಡಿದಳು, ಟೋಪಿ ಹಿಡಿದು ನಿಂತ ಡ್ರೈವರುಗಳನ್ನು ನೋಡಿದಳು. ತನ್ನ ಕೈಗಡಿಯಾರ ನೋಡಿದಳು.

“ಇನ್ನೂ ಟೈಮಿದೆಯಲ್ಲ,” ಎಂದಳು. ಆಮೇಲೆ ಎದುರಿಗೆ ನಿಂತ ಕಿರಿಯವಳ ಮುಖ ನೋಡಿದಳು. “ಯಾರ ಮೂರು ಹಾಕಿದ್ದೆ, ಮಗಳೇ?”

“ನಂದು.”

ನರ್ಸಮ್ಮನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದದ್ದು ಒಬ್ಬರಿಂದೊಬ್ಬರಿಗೆ, ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಹಿಂದಿನವರೆಗೂ ಹೋಯಿತು. ಚಹಾದ ಮಾತು ನಿಂತಿತು. ಬಡಗಿ ವ್ಯಾನಿನ ಹತ್ತಿರ ಹೋಗಿ ಅದರ ತಗಡಿನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟ.

“ಅಂದ್ರೆ ನಮಗೋಸ್ಕರ ನಿಂತಿದ್ದಾನಾ,” ಎಂದ. “ಇವನು?”

ಸ್ಮಶಾನ ನಡೆದು ಹೋಗುವಷ್ಟೇ ದೂರ. ವ್ಯಾನು ಮುಂದೆ ನಿಧಾನವಾಗಿ ಹೊರಟಿತು, ಮೂರು ದೇಶದವರು ಹಿಂದೆ ನಡೆದರು. ಅವಳು ಹೊತ್ತ ಚೀಲ ಯಾರದೆಂದು ಅವಳಿಗೂ ಗೊತ್ತಿರಲಿಲ್ಲ.

ಸ್ಮಶಾನದ ಕಾವಲಿನವನು ಗೇಟನ್ನು ಪೂರ್ತಿ ತೆರೆದು, ಮತ್ತೆ ಬೀಸಿ ಮುಚ್ಚದಿರಲೆಂದು ಕಲ್ಲು ಒತ್ತಿಟ್ಟಿದ್ದ. ಪೆಟ್ಟಿಗೆಯನ್ನು ಗುಂಡಿಯ ಪಕ್ಕ ಇಳಿಸಿ, ಕೊನೆಯ ಸಲ ನೋಡುವವರಿಗಾಗಿ ಮುಚ್ಚಳ ತೆಗೆದರು. ಒಬ್ಬೊಬ್ಬರಾಗಿ ಬಂದು ನೋಡಿ ಸರಿದರು. ಅಣ್ಣ ತಲೆ ತಗ್ಗಿಸಿ ನಿಂತಿದ್ದ.

“ಒಂದು ಗಂಟೆ ತಡ,” ಎಂದ, ಅಪ್ಪನಿಗೇ ಹೇಳುವಂತೆ. “ಬೈಕೋಬೇಡಿ.”

ನರ್ಸಮ್ಮ ಕೋಲನ್ನು ಅಮ್ಮನ ಕೈಗೆ ಕೊಟ್ಟು ಮಂಡಿಯೂರಿದಳು. ಅಪ್ಪನ ಬಲಗೈಯನ್ನು ಎತ್ತಿಕೊಂಡಳು. ಮೂರು ಬೆರಳುಗಳು ತಾವಾಗಿಯೇ ನಾಡಿಯ ಜಾಗಕ್ಕೆ ಹೋದವು. ಅಷ್ಟು ವರ್ಷದ ಅಭ್ಯಾಸ. ತೋಳು ಸರಿಸಿದಾಗ ಗಡಿಯಾರ ಕಂಡಿತು. ಅವಳು ಅದನ್ನೇ ನೋಡುತ್ತಾ ಕೂತಳು, ಬೆರಳುಗಳ ಕೆಳಗೆ ಏನೋ ಎಣಿಸುತ್ತಿರುವವಳ ಹಾಗೆ.

“ಮೂರು,” ಎಂದಳು. “ಸರಿಯಾಗಿ ಮೂರು. ಏನೂ ತಡ ಆಗಿಲ್ಲ ಕಣಪ್ಪ.”

ಅಣ್ಣ ಬಗ್ಗಿ ನೋಡಿದ. ಆಮೇಲೆ ಮುಖ ತಿರುಗಿಸಿಕೊಂಡು ದೂರ ಹೋದ. ಅವನ ಅಗಲವಾದ ಭುಜಗಳು ಅಲುಗುವುದು ಹಿಂದಿನಿಂದ ಕಾಣುತ್ತಿತ್ತು.

*

ಮನೆಗೆ ಬಂದ ಮೇಲೆ ಕತ್ತರಿ ಮಾಮ ಚಹಾ ಬಿಸಿ ಮಾಡಿದರು. ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ, ಕಾಂಪೌಂಡಿನ ಮೇಲೆ ಕೂತು ಕುಡಿದರು. ಎಲ್ಲರ ಮಾತೂ ಒಟ್ಟಿಗೆ ಶುರುವಾಗಿತ್ತು. ಬಂದರಿನವರು ತಮ್ಮ ಊರಲ್ಲಿ ಏನು ಮಾಡುತ್ತಿದ್ದಾರೆಂದು ಹೇಳುವುದು, ಗುಡ್ಡದ ಊರಿನವರು ತಾವೇನು ಕಡಿಮೆ ಎಂಬಂತೆ ತಮ್ಮದನ್ನು ಹೇಳುವುದು. ಅಪ್ಪ ಬಸ್ಸಿಳಿದು ಬಂದು ಕೂತಾಗ ಹೀಗೇ ಇರುತ್ತಿತ್ತೇನೋ ಎಂದು ಅವಳಿಗೆ ಅನಿಸಿತು. ಅವಳು ಖಾಲಿ ಕಪ್ಪುಗಳನ್ನು ತಟ್ಟೆಗೆ ಒಟ್ಟುಗೂಡಿಸಿ ಅಡುಗೆಮನೆಗೆ ತಂದಳು.

ಅಲ್ಲಿ ನರ್ಸಮ್ಮ ಆಗಲೇ ತೋಳು ಮಡಚುತ್ತಿದ್ದಳು. ಅವಳ ಹಿಂದೆ ಬಡಗಿ, ಬಡಗಿಯ ಹಿಂದೆ ಬಂದರಿನ ಇಬ್ಬರು.

“ಸರಿಯಮ್ಮ ಆ ಕಡೆ,” ಎಂದಳು ನರ್ಸಮ್ಮ. “ನಿಮ್ಮ ಗಡಿಯಾರದಲ್ಲಿ ನಾವು ತಡ. ಕಪ್ಪು ನಮ್ಮದು.”

“ನಿಮ್ಮ ಗಡಿಯಾರದಲ್ಲಿ ನೀವು ಸರಿಯಾಗೇ ಬಂದ್ರಿ,” ಎಂದಳು ಅವಳು. “ಕರೆದೋಳು ನಾನು. ಬರೋರ ಗಡಿಯಾರವೇ ಲೆಕ್ಕ ಅಂತ ತಾನೇ?”

“ಅದು ಕ್ಲಬ್ಬಿನ ಲೆಕ್ಕ. ನೀನು ಕ್ಲಬ್ಬಿನವಳಲ್ಲ.”

ಅವಳು ನಲ್ಲಿ ತಿರುಗಿಸಿದಳು. ಕತ್ತರಿ ಮಾಮ ಬಡಗಿಗೆ ಬಾಗಿಲ ಕಡೆ ಕಣ್ಣು ತೋರಿಸಿದರು. ಒಬ್ಬೊಬ್ಬರಾಗಿ ಹೊರಗೆ ಹೋದರು. ನರ್ಸಮ್ಮ ಮಾತ್ರ ಹೋಗಲಿಲ್ಲ. ಒಣಬಟ್ಟೆ ಹುಡುಕಿ ಪಕ್ಕಕ್ಕೆ ಬಂದು ನಿಂತಳು.

ಅವಳು ತೊಳೆದು ಕೊಟ್ಟ ಕಪ್ಪುಗಳನ್ನು ಒರೆಸಿ ಮಗುಚಿಡತೊಡಗಿದಳು.

“ನೀನೇನಾ ಡಬ್ಬಿ ಹುಡುಗಿ?” ಎಂದಳು ನರ್ಸಮ್ಮ.

ಅವಳ ಕೈ ನಿಂತಿತು.

“ಆವತ್ತು ಬಸ್ಸು ನಮ್ಮೂರಿಗೆ ಬಂದಾಗ ನಿಮ್ಮಪ್ಪ ಹಸ್ಕೊಂಡಿದ್ದ. ಊಟ ಮಾಡು ಬಾ ಅಂದ್ರೆ ಬೇಡ ಅಂದ. ನನ್ನ ಮಗಳು ಡಬ್ಬಿ ಹಿಡ್ಕೊಂಡು ನಿಂತಿದ್ಲು, ಅವಳು ಕೊಡೋಕೆ ಬಂದ ಊಟ ಬಿಟ್ಟು ಬಂದು ಇನ್ನೊಂದು ಕಡೆ ಹೆಂಗೆ ಉಣ್ಣಲಿ ಅಂದ. ನಿಲ್ಸೋಕೇನಾಗಿತ್ತು ನಿಂಗೆ ಅಂತ ಬೈದೆ. ಬಸ್ಸಲ್ಲೊಬ್ಬಳು ಬಸುರಿ ಇದ್ಳು ನರ್ಸಮ್ಮ, ನೋವು ಶುರುವಾಗಿತ್ತು, ನಿಮ್ಮ ಆಸ್ಪತ್ರೆಗೇ ತಂದಿದ್ದೀನಿ ಅಂದ.” ನರ್ಸಮ್ಮ ಕಪ್ಪೊಂದನ್ನು ಬೆಳಕಿಗೆ ಹಿಡಿದು ನೋಡಿದಳು. “ಆಮೇಲೆ ಎಲ್ಲ ಊರಲ್ಲೂ ಹೇಳ್ಕೊಂಡು ತಿರುಗ್ತಿದ್ದ. ನಮ್ಮ ಹುಡುಗಿ ಎಂಥ ಓಟ ಓಡ್ತಾಳೆ ಗೊತ್ತಾ, ಬಸ್ಸಿಗೇ ಸಮ ಬಂದುಬಿಟ್ಲು ಅಂತ. ಬಂದರಿನವರೂ ಬಲ್ಲರು ನಿನ್ನ ಓ​ಟ. ನಿಂಗೆ ಹೇಳಿಲ್ವಾ?”

“ನಾನು ಕೇಳ್ಲಿಲ್ಲ,” ಎಂದಳು.

“ಅವನೂ ಅಷ್ಟೆ. ಕೇಳದೇ ಹೇಳೋನಲ್ಲ.”

ಕಪ್ಪುಗಳು ಇನ್ನೂ ಬಹಳ ಇದ್ದವು. ಹೊರಗಿನಿಂದ ಯಾರೋ ಕಿಟಕಿಯಲ್ಲಿ ಕೈ ತೂರಿಸಿ ಮತ್ತೆರಡು ಇಟ್ಟು ಹೋದರು. ಅವಳು ಕೈ ಒರೆಸಿಕೊಂಡು, ಕರವಸ್ತ್ರದ ಗಂಟು ಬಿಚ್ಚಿ, ಅಪ್ಪನ ಎಡಗೈಯ ಗಡಿಯಾರವನ್ನು ನೀರು ತಾಗದ ಹಾಗೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. ತೋಳನ್ನು ಮೊಣಕೈವರೆಗೂ ಮಡಚಿ ಮತ್ತೆ ನೊರೆಗೆ ಕೈ ಹಾಕಿದಳು. ನರ್ಸಮ್ಮ ಅದನ್ನು ನೋಡಿದಳು. ತನ್ನ ಗಡಿಯಾರವನ್ನೂ ಬಿಚ್ಚಿ ಅದರ ಪಕ್ಕಕ್ಕೆ ಇಟ್ಟಳು.

ಕಿಟಕಿಯಲ್ಲಿ ಸಂಜೆ ಬಿಸಿಲು ಬಂದಿತ್ತು. ಎರಡು ಗಡಿಯಾರಗಳ ಮುಳ್ಳುಗಳು ಒಂದೊಂದು ಹೊತ್ತು ತೋರಿಸುತ್ತಾ ಒಟ್ಟಿಗೆ ಓಡುತ್ತಿದ್ದವು. ಅವುಗಳ ಪಕ್ಕದಲ್ಲಿ ಮಗುಚಿಟ್ಟ ನೀಲಿ ಅಂಚಿನ ಕಪ್ಪುಗಳ ಸಾಲು ಒಂದೊಂದಾಗಿ ಉದ್ದವಾಗುತ್ತಿತ್ತು.